ಇಂಟರ್ನ್‌ಶಿಪ್‌ನಲ್ಲಿ ಎಡವುತ್ತಿರುವ ಬಿ.ಇಡಿ. ಪ್ರಶಿಕ್ಷಣಾರ್ಥಿಗೆ ಮಾರ್ಗದರ್ಶನ ಮಾಡುವ ಬಗೆ

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಿಂದ ಬಿ.ಇಡಿ. ಎರಡು ವರ್ಷದ ಕೋರ್ಸಾಯಿತು. ಅದರೊಂದಿಗೆ ಪ್ರಶಿಕ್ಷಣಾರ್ಥಿಗಳು ಶಾಲೆಯಲ್ಲಿ ಕಳೆಯಬೇಕಾದ ಅವಧಿಯೂ 20 ವಾರಗಳಿಗೆ ಏರಿತು: ಮೊದಲ ವರ್ಷ 4 ವಾರ, ಎರಡನೆಯ ವರ್ಷ 16 ವಾರ. ಉಳಿದ ಪಠ್ಯಕ್ರಮಕ್ಕೆ ಶೇಕಡ 80ರಷ್ಟು ಹಾಜರಾತಿ ಸಾಕು, ಶಾಲಾ ಇಂಟರ್ನ್‌ಶಿಪ್‌ಗೆ ಮಾತ್ರ ಶೇಕಡ 90 ಬೇಕು. ಮೇಲುನೋಟಕ್ಕೆ ಇದು ಪ್ರಶಿಕ್ಷಣಾರ್ಥಿಗಳಿಗಷ್ಟೇ ಸಂಬಂಧಿಸಿದ ಬದಲಾವಣೆಯೆಂದು ತೋರಿದರೂ ಇದರಿಂದ ದೊಡ್ಡ ಹೊಣೆ ಬಿದ್ದದ್ದು ಶಾಲೆಯ ವಿಷಯ ಶಿಕ್ಷಕರ ಮೇಲೆ. ಹಿಂದೆ ಕಾಲೇಜಿನ ಉಪನ್ಯಾಸಕರು ಬಂದು, ಕೊನೆಯ ಬೆಂಚಿನಲ್ಲಿ ಕುಳಿತು, ನಿಗದಿತ ಪಾಠಗಳನ್ನು ನೋಡಿ ಅಂಕ ಹಾಕಿ ಹೋಗುತ್ತಿದ್ದರು. ಈಗಲೂ ಅವರು ಬರುತ್ತಾರೆ, ಆದರೆ ಆಗೊಮ್ಮೆ ಈಗೊಮ್ಮೆ. ತಿಂಗಳುಗಟ್ಟಲೆ ದಿನವೂ ಪಾಠ ನೋಡಿ ತಿದ್ದಬೇಕಾದವರು ಮಾರ್ಗದರ್ಶಿ ಶಿಕ್ಷಕರೆಂದು ಹೆಸರು ಬರೆಸಿಕೊಂಡ ನಾವೇ. ಆ ಕೆಲಸಕ್ಕೆ ನಮ್ಮಲ್ಲಿ ಬಹುಮಂದಿಗೆ ಯಾವ ತರಬೇತಿಯೂ ಸಿಕ್ಕಿರುವುದಿಲ್ಲ; ಮುಖ್ಯ ಶಿಕ್ಷಕರು ಕರೆದು "ಈ ಇಬ್ಬರನ್ನು ನೀವು ನೋಡಿಕೊಳ್ಳಿ" ಎಂದರೆ ಅದೇ ಆದೇಶ, ಅದೇ ತರಬೇತಿ.

ಚುರುಕಾದ ಪ್ರಶಿಕ್ಷಣಾರ್ಥಿ ಬಂದರೆ ಇದರಿಂದ ತೊಂದರೆಯೇನೂ ಆಗುವುದಿಲ್ಲ, ಅವರು ನೋಡಿ ಕಲಿಯುತ್ತಾರೆ. ಕಷ್ಟವಾಗುವುದು ಮೂರನೆಯ ವಾರ ಕಳೆದರೂ ತರಗತಿಯ ಬಾಗಿಲಲ್ಲಿ ನಿಂತು ಹಿಂಜರಿಯುವವರೊಂದಿಗೆ. ಅಂಥವರಿಗೆ ಸಾಮಾನ್ಯವಾಗಿ ಸಲಹೆಯ ಕೊರತೆ ಇರುವುದಿಲ್ಲ. ದನಿ ಎತ್ತರಿಸಿ, ಹಲಗೆಗೆ ಬೆನ್ನು ಮಾಡಬೇಡಿ, ಪಾಠೋಪಕರಣ ಬಳಸಿ, ಹಿಂದಿನ ಬೆಂಚನ್ನು ಗಮನಿಸಿ, ಸಮಯ ನೋಡಿಕೊಳ್ಳಿ ಎಂದು ಎಲ್ಲರೂ ಎಲ್ಲವನ್ನೂ ಒಟ್ಟಿಗೆ ಹೇಳಿರುತ್ತಾರೆ, ಅದರಲ್ಲಿ ಯಾವುದನ್ನು ಮೊದಲು ಹಿಡಿಯಬೇಕೆಂದು ತಿಳಿಯದೆಯೇ ಅವರು ಕಂಗೆಟ್ಟಿರುತ್ತಾರೆ. ಆದ್ದರಿಂದ ಮಾರ್ಗದರ್ಶಿಯ ಕೆಲಸ ಸಲಹೆಯನ್ನು ಹೆಚ್ಚಿಸುವುದಲ್ಲ. ಪಾಠ ಕುಸಿಯುತ್ತಿರುವ ಒಂದು ಜಾಗವನ್ನು ಪತ್ತೆಹಚ್ಚಿ, ಅದನ್ನು ಅವರ ಕಣ್ಣಿಗೆ ಕಾಣುವಂತೆ ಮಾಡಿ, ಅದೊಂದನ್ನೇ ಅಭ್ಯಾಸ ಮಾಡಿಸಿ, ಆಮೇಲೆ ಮುಂದಿನದಕ್ಕೆ ಹೋಗುವುದು ಮಾರ್ಗದರ್ಶಿಯ ಕೆಲಸ.

ಎಡವುತ್ತಿರುವುದು ಎಲ್ಲಿ?

ಮೊದಲ ಒಂದೆರಡು ವಾರದ ನಡುಕವನ್ನು ಯಾರೂ ದೋಷವೆಂದು ಎಣಿಸಬಾರದು. ಹೊಸ ಶಿಕ್ಷಕರ ಚಿಂತೆ ಆರಂಭದಲ್ಲಿ ತಮ್ಮ ಸುತ್ತಲೇ ಸುತ್ತುತ್ತಿರುತ್ತದೆ ಎಂದು ಅಮೆರಿಕದ ಸಂಶೋಧಕಿ ಫ್ರಾನ್ಸೆಸ್ ಫುಲ್ಲರ್ 1969ರಲ್ಲೇ ಬರೆದಿದ್ದಾರೆ: ಮಕ್ಕಳು ನನ್ನನ್ನು ಒಪ್ಪುತ್ತಾರೆಯೇ, ಹಿಂದೆ ಕುಳಿತವರು ನನ್ನ ಬಗ್ಗೆ ಏನೆಂದುಕೊಳ್ಳುತ್ತಾರೆ ಎಂಬುದೇ ತಲೆಯಲ್ಲಿರುತ್ತದೆ, ಮಕ್ಕಳಿಗೆ ಏನು ತಿಳಿಯಿತು ಎಂಬ ಚಿಂತೆ ಬರುವುದು ಆಮೇಲೆ. ಕಾಲ ಕಳೆದರೂ ಆ ಎರಡನೆಯ ಚಿಂತೆ ಬಾರದಿದ್ದಾಗ ಗಮನ ಕೊಡಬೇಕು. 40 ನಿಮಿಷಕ್ಕೆಂದು ಸಿದ್ಧಪಡಿಸಿದ್ದು 15 ನಿಮಿಷದಲ್ಲಿ ಮುಗಿದು, ಉಳಿದ ಹೊತ್ತು "ನೋಟ್ಸ್ ಬರೆದುಕೊಳ್ಳಿ" ಎನ್ನುವುದರಲ್ಲಿ ಕಳೆಯುವುದು. ಪಾಠಯೋಜನೆಯ ಪುಸ್ತಕವನ್ನು ಕೈಯಿಂದ ಕೆಳಗಿಡದಿರುವುದು. ಮುಂದಿನ ಬೆಂಚಿನ ನಾಲ್ಕು ಮಕ್ಕಳನ್ನೇ ಮತ್ತೆ ಮತ್ತೆ ಕೇಳುವುದು. ಪಾಠ ನೋಡಲು ಬರುತ್ತೇವೆಂದು ಹೇಳಿದ ದಿನವೇ ರಜೆ ಹಾಕುವುದು. ಇವೆಲ್ಲ ಹೊರಗೆ ಕಾಣುವ ಲಕ್ಷಣಗಳು. ಕಾರಣ ಇವುಗಳ ಹಿಂದೆ ಇರುತ್ತದೆ.

ಕಾರಣಗಳು ಹೆಚ್ಚಾಗಿ ನಾಲ್ಕು: ವಿಷಯಜ್ಞಾನ ಸಾಲದಿರುವುದು, ತಿಳಿದದ್ದನ್ನು ಮಕ್ಕಳ ಮಟ್ಟಕ್ಕೆ ಇಳಿಸಿ ಯೋಜಿಸಲು ಬಾರದಿರುವುದು, ನಲವತ್ತೈವತ್ತು ಮಕ್ಕಳ ಗುಂಪನ್ನು ನಿಭಾಯಿಸಲಾಗದಿರುವುದು ಮತ್ತು ಶಾಲೆಯ ಹೊರಗಿನ ಬದುಕಿನ ಒತ್ತಡ. ತೊಡಕೆಂದರೆ ನಾಲ್ಕೂ ತರಗತಿಯಲ್ಲಿ ಒಂದೇ ರೂಪದಲ್ಲಿ, ಅಂದರೆ ಗದ್ದಲವಾಗಿ ಕಾಣಿಸಿಕೊಳ್ಳುತ್ತವೆ. ಉತ್ತರ ಗೊತ್ತಿಲ್ಲದೆ ತಡವರಿಸುವ ಶಿಕ್ಷಕರ ಮುಂದೆಯೂ ಮಕ್ಕಳು ಮಾತಾಡುತ್ತಾರೆ, ಏನು ಮಾಡಬೇಕೆಂದು ಸ್ಪಷ್ಟವಾಗಿ ಹೇಳದ ಶಿಕ್ಷಕರ ಮುಂದೆಯೂ ಮಾತಾಡುತ್ತಾರೆ, ರಾತ್ರಿಯಿಡೀ ನಿದ್ದೆಗೆಟ್ಟು ಬಂದವರ ಮುಂದೆಯೂ ಮಾತಾಡುತ್ತಾರೆ. ಆದ ಕಾರಣ ವೀಕ್ಷಣಾ ನಮೂನೆಯಲ್ಲಿ "ತರಗತಿ ನಿಯಂತ್ರಣ ಸಾಲದು" ಎಂದು ಬರೆದುಬಿಟ್ಟರೆ ಏನನ್ನೂ ಹೇಳಿದಂತಾಗುವುದಿಲ್ಲ.

ಇವನ್ನು ಬೇರ್ಪಡಿಸಲು ಎರಡು ಸರಳ ಪರೀಕ್ಷೆಗಳಿವೆ. ಮೊದಲನೆಯದಾಗಿ, ಮಕ್ಕಳಿಲ್ಲದ ಹೊತ್ತಿನಲ್ಲಿ ಮಾರ್ಗದರ್ಶಿಯೂ ಪ್ರಶಿಕ್ಷಣಾರ್ಥಿಯೂ ಎದುರುಬದುರು ಕುಳಿತು, ನಾಳೆಯ ಪಾಠದ ಅಭ್ಯಾಸದ ಲೆಕ್ಕಗಳನ್ನೋ ಪ್ರಶ್ನೆಗಳನ್ನೋ ಒಟ್ಟಿಗೆ ಬಿಡಿಸಬೇಕು. ಅಲ್ಲಿಯೇ ಪೆನ್ನು ನಿಂತರೆ ಕಾರಣ ವಿಷಯಜ್ಞಾನದಲ್ಲಿದೆ. ಎರಡನೆಯದಾಗಿ, ಗ್ರಂಥಾಲಯದ ಕೋಣೆಯಲ್ಲೋ ಜಗಲಿಯ ಮೇಲೋ ಐದಾರು ಮಕ್ಕಳನ್ನು ಕೂರಿಸಿ ಅದೇ ಪಾಠವನ್ನು ಹೇಳಿಸಬೇಕು. ಅಲ್ಲಿ ಸಲೀಸಾಗಿ ಮಾತಾಡಿದವರು ತುಂಬಿದ ತರಗತಿಯಲ್ಲಿ ಮಾತ್ರ ತಡವರಿಸಿದರೆ ತೊಂದರೆ ಇರುವುದು ಗುಂಪಿನಲ್ಲಿ, ಪಾಠದಲ್ಲಲ್ಲ. ಎರಡೂ ಕಡೆ ಸಲೀಸಾಗಿದ್ದು ಕೆಲವು ದಿನ ಮಾತ್ರ ಕುಸಿಯುವವರಿದ್ದರೆ ಆ ದಿನಗಳಲ್ಲಿ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಮೆಲ್ಲನೆ ವಿಚಾರಿಸಬೇಕು.

ವಿಷಯಜ್ಞಾನದ ಕೊರತೆಯನ್ನು ಹೀನಾಯವಾಗಿ ಕಾಣುವುದು ನ್ಯಾಯವಲ್ಲ. ಪದವಿಯಲ್ಲಿ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಓದಿ ಬಂದವರು ಪಿಯುಸಿಯ ನಂತರ ಭೌತಶಾಸ್ತ್ರದ ಪುಸ್ತಕವನ್ನು ಮುಟ್ಟಿರುವುದಿಲ್ಲ. ಪ್ರೌಢಶಾಲೆಯ ವಿಜ್ಞಾನವಾದರೋ ಭೌತ, ರಸಾಯನ, ಜೀವ ಎಂದು ಭೇದ ಮಾಡದೆ ಎಲ್ಲವನ್ನೂ ಒಬ್ಬರಿಂದಲೇ ಕೇಳುತ್ತದೆ. ಕನ್ನಡ ಮಾಧ್ಯಮದಲ್ಲೇ ಓದಿದವರನ್ನು ಆಂಗ್ಲ ಮಾಧ್ಯಮದ ವಿಭಾಗಕ್ಕೆ ಹಾಕಿದಾಗ ಅವರಿಗೆ ವಿಷಯ ಗೊತ್ತಿದ್ದರೂ ಪಾರಿಭಾಷಿಕ ಪದಗಳು ಬಾಯಿಗೆ ಬರುವುದಿಲ್ಲ. ಇವೆರಡಕ್ಕೂ ಮದ್ದು ಒಂದೇ: ಮುಂದಿನ ಎರಡು ವಾರದ ಪಾಠಗಳನ್ನು ಮೊದಲೇ ಗೊತ್ತುಪಡಿಸಿ, ದಿನಕ್ಕೆ ಅರ್ಧ ಗಂಟೆ ಕೇವಲ ವಿಷಯಕ್ಕಾಗಿ ಕುಳಿತುಕೊಳ್ಳುವುದು. ಇದು ಕಾಲೇಜಿನ ಕೆಲಸವಲ್ಲವೇ ಎಂದು ಕೇಳುವವರಿದ್ದಾರೆ. ಇರಬಹುದು, ಆದರೆ ನಾಳೆ ಮೂರನೆಯ ಪೀರಿಯಡ್‌ನಲ್ಲಿ ಆ ಪಾಠವನ್ನು ಕೇಳುವವರು ನಮ್ಮ ಮಕ್ಕಳು.

ಮೊದಲ ವಾರ

ಖಾಲಿ ಹುದ್ದೆಗಳಿರುವ ಶಾಲೆಯಲ್ಲಿ ಪ್ರಶಿಕ್ಷಣಾರ್ಥಿಗಳು ಬಂದರೆಂದರೆ ಶಿಕ್ಷಕರಿಲ್ಲದ ತರಗತಿಗಳಿಗೆಲ್ಲ ಅವರನ್ನು ಕಳುಹಿಸುವ ಆಸೆ ಮುಖ್ಯ ಶಿಕ್ಷಕರಿಗೆ ಬರುವುದು ಸಹಜ. ಈ ಆಸೆಯನ್ನು ಮೊದಲ ದಿನವೇ ವಿನಯದಿಂದ ತಡೆಯುವುದು ಮಾರ್ಗದರ್ಶಿಯ ಮೊದಲ ಕರ್ತವ್ಯ. ಅಳುಕಿನಿಂದ ಬಂದವರನ್ನು ಯಾವ ಸಿದ್ಧತೆಯೂ ಇಲ್ಲದೆ ಒಂಬತ್ತನೆಯ ತರಗತಿಯ ಖಾಲಿ ಪೀರಿಯಡ್‌ಗೆ ನೂಕಿದರೆ ಅಂದು ಅಲ್ಲಿ ಆಗುವ ಅವಮಾನವನ್ನು ಅಳಿಸಲು ಮುಂದೆ ವಾರಗಳೇ ಬೇಕಾಗುತ್ತವೆ.

ಆ ವಾರ ಅವರು ಮಾರ್ಗದರ್ಶಿಯ ಪಾಠಗಳನ್ನು ನೋಡಲಿ, ಆದರೆ ಸುಮ್ಮನೆ ನೋಡುವುದಲ್ಲ. ಒಂದು ದಿನ ಯಾರು ಎಲ್ಲಿ ಕೂರುತ್ತಾರೆಂಬ ನಕ್ಷೆ ಬರೆದು ಹೆಸರುಗಳನ್ನು ಕಲಿಯಲಿ. ಇನ್ನೊಂದು ದಿನ, ಪೀರಿಯಡ್ ಪೂರ್ತಿ ಒಂದು ಮಾತನ್ನೂ ಆಡದ ಮಕ್ಕಳ ಹೆಸರನ್ನು ಗುರುತು ಮಾಡಿಕೊಳ್ಳಲಿ. ಮತ್ತೊಂದು ದಿನ, ಶಿಕ್ಷಕರು ಒಳಗೆ ಬಂದ ಕ್ಷಣದಿಂದ ಮೊದಲ ಐದು ನಿಮಿಷ ಏನೇನು ಮಾಡಿದರು ಎಂಬುದನ್ನಷ್ಟೇ ಬರೆಯಲಿ. ಹೆಸರು ಗೊತ್ತಿರುವುದರ ಬೆಲೆ ದೊಡ್ಡದು. "ಏ, ಹಿಂದಿನ ಬೆಂಚು, ಸುಮ್ಮನಿರಿ" ಎಂದು ಕೂಗುವ ಶಿಕ್ಷಕಿಗೂ ಹೆಸರು ಹಿಡಿದು ಮೆಲ್ಲನೆ ಕರೆಯುವ ಶಿಕ್ಷಕಿಗೂ ತರಗತಿ ಕೊಡುವ ಮರ್ಯಾದೆಯಲ್ಲಿ ಅಜಗಜಾಂತರವಿದೆ.

ಮಕ್ಕಳಿಗೆ ಪರಿಚಯಿಸುವಾಗ "ಇವರು ಟ್ರೈನಿಂಗ್‌ಗೆ ಬಂದಿದ್ದಾರೆ, ತೊಂದರೆ ಕೊಡಬೇಡಿ" ಎಂದು ಹೇಳುವವರಿದ್ದಾರೆ. ತೊಂದರೆ ಕೊಡಬಹುದೆಂಬ ಸುಳಿವನ್ನು ಇದಕ್ಕಿಂತ ಚೆನ್ನಾಗಿ ಕೊಡಲಾಗದು. "ಈ ಅವಧಿಯಲ್ಲಿ ನಿಮಗೆ ಗಣಿತಕ್ಕೆ ಇಬ್ಬರು ಶಿಕ್ಷಕರು" ಎಂದರೆ ಸಾಕು. ಮಕ್ಕಳ ಎದುರಿಗೆ ಅವರನ್ನು ಮೇಡಂ ಅಥವಾ ಸರ್ ಎಂದೇ ಕರೆಯಬೇಕು. ಪಾಠದ ನಡುವೆ ಹಿಂದಿನಿಂದ ಎದ್ದು ತಿದ್ದುವುದು, ಗದ್ದಲವಾದಾಗ ಹಿಂದಿನಿಂದಲೇ ಗದರುವುದು ಎರಡೂ ಬೇಡ. ಹಾಗೆ ಮಾಡಿದ ಕ್ಷಣದಿಂದ ತರಗತಿಯ ನಿಜವಾದ ಶಿಕ್ಷಕರು ಯಾರೆಂಬುದು ಮಕ್ಕಳಿಗೆ ತಿಳಿದುಹೋಗುತ್ತದೆ. ಹಲಗೆಯ ಮೇಲೆ ವಿಷಯದ ತಪ್ಪು ಬಿದ್ದರೆ ಮಾತ್ರ ಸುಮ್ಮನಿರುವಂತಿಲ್ಲ. ಅದಕ್ಕಾಗಿ ಮೊದಲೇ ಒಂದು ಸಂಕೇತ ಗೊತ್ತು ಮಾಡಿಕೊಳ್ಳಬಹುದು: ಮಾರ್ಗದರ್ಶಿ ಪಠ್ಯಪುಸ್ತಕವನ್ನು ಎತ್ತಿ ಹಿಡಿದರೆ, ಬರೆದದ್ದನ್ನು ಮತ್ತೊಮ್ಮೆ ನೋಡಿ ಎಂದು ಅರ್ಥ.

ಪಾಠ ನೋಡುವಾಗ ಏನನ್ನು ಬರೆಯಬೇಕು?

ಪಾಠಯೋಜನೆಯ ದಾಖಲೆ ಪುಸ್ತಕಗಳನ್ನು ತೆರೆದು ನೋಡಿದರೆ ಮಾರ್ಗದರ್ಶಿಯ ಅಂಕಣದಲ್ಲಿ "ಉತ್ತಮ", "ಪಾಠೋಪಕರಣ ಬಳಸಿ", "ಧ್ವನಿ ಸುಧಾರಿಸಲಿ" ಎಂಬ ಮೂರೇ ಮಾತುಗಳು ಪುಟದಿಂದ ಪುಟಕ್ಕೆ ಸಾಗಿರುತ್ತವೆ. ಕೆಲವು ಕಡೆ ವಾರದ ಸಹಿಗಳೆಲ್ಲ ಒಂದೇ ಶಾಯಿಯಲ್ಲಿ, ಒಂದೇ ಓರೆಯಲ್ಲಿ ಬಿದ್ದಿರುತ್ತವೆ. ಎಡವುತ್ತಿರುವವರಿಗೆ ಇದರಿಂದ ಎಳ್ಳಷ್ಟೂ ಪ್ರಯೋಜನವಿಲ್ಲ. ಅವರಿಗೆ ಬೇಕಾದದ್ದು ತೀರ್ಪಲ್ಲ, ನಡೆದದ್ದರ ದಾಖಲೆ. ತರಗತಿಯ ಮುಂದೆ ನಿಂತಿದ್ದಾಗ ಗಾಬರಿಯಲ್ಲಿ ತಾವೇನು ಹೇಳಿದೆವು, ಮಕ್ಕಳು ಏನೆಂದರು ಎಂಬುದು ಅವರ ನೆನಪಿನಲ್ಲಿ ಉಳಿದಿರುವುದೇ ಇಲ್ಲ. ಆದ್ದರಿಂದ ಎಡಬದಿಯಲ್ಲಿ ಗಂಟೆ, ಬಲಬದಿಯಲ್ಲಿ ಕಿವಿಗೆ ಬಿದ್ದ ಮಾತು, ಇಷ್ಟನ್ನೇ ಬರೆದುಕೊಳ್ಳಬೇಕು. ಎಂಟನೆಯ ತರಗತಿಯ ನಿತ್ಯಸಮೀಕರಣದ ಪಾಠವೊಂದರ ಟಿಪ್ಪಣಿ ಹೀಗಿರಬಹುದು:

"11.10. ಶಿಕ್ಷಕಿ: ಎ ಪ್ಲಸ್ ಬಿ, ಆವರಣದ ಮೇಲೆ ವರ್ಗ, ಎಷ್ಟಾಗುತ್ತೆ? ಮೂರನೇ ಬೆಂಚಿನ ಹುಡುಗ: ಎ ವರ್ಗ ಪ್ಲಸ್ ಬಿ ವರ್ಗ. ಶಿಕ್ಷಕಿ: ತಪ್ಪು, ಕೂತ್ಕೊ. ಬೇರೆ ಯಾರು? ಮೊದಲ ಬೆಂಚಿನ ಹುಡುಗಿ ಸೂತ್ರವನ್ನು ಪೂರ್ತಿ ಒಪ್ಪಿಸಿದಳು. ಶಿಕ್ಷಕಿ: ವೆರಿ ಗುಡ್. ಸೂತ್ರ ಹಲಗೆಗೆ ಬಂತು. 11.12. ಎಲ್ಲರೂ ಬರೆದುಕೊಳ್ಳುತ್ತಿದ್ದಾರೆ. ಮೂರನೇ ಬೆಂಚಿನ ಹುಡುಗ ಬರೆಯುತ್ತಿಲ್ಲ, ಪಕ್ಕದವನೊಂದಿಗೆ ಮಾತು. 11.15. ಹಿಂದಿನ ಮೂರು ಬೆಂಚುಗಳಲ್ಲಿ ಮಾತು."

ಪಾಠ ಎಲ್ಲಿ ಕೈತಪ್ಪಿತು ಎಂಬುದು ಈ ನಾಲ್ಕು ಸಾಲಿನಲ್ಲೇ ಇದೆ. ಗದ್ದಲ ಕಾಣಿಸಿದ್ದು 11.15ಕ್ಕೆ, ಆದರೆ ಅದು ಹುಟ್ಟಿದ್ದು 11.10ಕ್ಕೆ, ಆ ಹುಡುಗನ ಉತ್ತರವನ್ನು ಕೈಬಿಟ್ಟಾಗ. ಗಣಿತ ಹೇಳಿಕೊಟ್ಟವರಿಗೆಲ್ಲ ಗೊತ್ತು, ಅವನದು ಒಬ್ಬನ ತಪ್ಪಲ್ಲ. ಬಾಯಿಬಿಡದೆ ಕುಳಿತ ಅರ್ಧ ತರಗತಿಯ ತಪ್ಪು.

ಮಾತಿನ ಹಂಚಿಕೆಯನ್ನು ತೋರಿಸಬೇಕಾದಾಗ ಇನ್ನೊಂದು ವಿಧಾನವಿದೆ. ಬಿ.ಇಡಿ. ಓದಿದವರಿಗೆ ಫ್ಲಾಂಡರ್ಸ್ ಅವರ ಅಂತಃಕ್ರಿಯಾ ವಿಶ್ಲೇಷಣೆ ನೆನಪಿರಬಹುದು: ಶಿಕ್ಷಕರ ಮಾತಿಗೆ 7, ಮಕ್ಕಳ ಮಾತಿಗೆ 2, ಮೌನ ಅಥವಾ ಗೊಂದಲಕ್ಕೆ 1, ಹೀಗೆ 10 ವರ್ಗಗಳು, ಪ್ರತಿ 3 ಸೆಕೆಂಡಿಗೊಂದು ಗುರುತು. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತ ಈ ಪದ್ಧತಿಯನ್ನು ಇಡಿಯಾಗಿ ಬಳಸುವುದು ಕಷ್ಟ, ಸರಳಗೊಳಿಸಿ ಬಳಸುವುದು ಸುಲಭ. ಶಿಕ್ಷಕರು ಹೇಳುತ್ತಿದ್ದಾರೆ, ಶಿಕ್ಷಕರು ಕೇಳುತ್ತಿದ್ದಾರೆ, ಮಗು ಮಾತಾಡುತ್ತಿದೆ, ಯಾರೂ ಮಾತಾಡುತ್ತಿಲ್ಲ ಎಂಬ ನಾಲ್ಕು ಅಂಕಣ ಎಳೆದು, ಅರ್ಧ ನಿಮಿಷಕ್ಕೊಂದರಂತೆ 20 ನಿಮಿಷ ಗೆರೆ ಹಾಕಿದರೆ 40 ಗೆರೆಗಳಾಗುತ್ತವೆ. ಅವುಗಳಲ್ಲಿ 35 ಮೊದಲನೆಯ ಅಂಕಣದಲ್ಲೇ ಬಿದ್ದಿದ್ದರೆ ಆ ಹಾಳೆಯನ್ನು ಪ್ರಶಿಕ್ಷಣಾರ್ಥಿಯ ಕೈಗೆ ಕೊಟ್ಟು ಸುಮ್ಮನಿರಬಹುದು, ವಿವರಣೆ ಬೇಕಾಗುವುದಿಲ್ಲ.

ಪಾಠದ ನಂತರದ ಮಾತುಕತೆ

ಇದು ಅದೇ ದಿನ ನಡೆಯಬೇಕು, ಆದರೆ ಗಂಟೆ ಹೊಡೆದ ಕೂಡಲೇ ಅಲ್ಲ. ಸಿಬ್ಬಂದಿ ಕೊಠಡಿಯಲ್ಲಿ ಇತರರು ಚಹಾ ಕುಡಿಯುತ್ತ ಕೇಳಿಸಿಕೊಳ್ಳುತ್ತಿರುವಾಗಲಂತೂ ಅಲ್ಲ. ಮಧ್ಯಾಹ್ನದ ಊಟವಾದ ಮೇಲೆ ಖಾಲಿ ಪ್ರಯೋಗಾಲಯದಲ್ಲಿ ಕಾಲು ಗಂಟೆ ಸಾಕು. ಮೊದಲು ಟಿಪ್ಪಣಿಯನ್ನು ಅವರ ಕೈಗೆ ಕೊಟ್ಟು ಓದಲು ಬಿಡಬೇಕು. "ಪಾಠ ಹೇಗಾಯಿತು?" ಎಂದು ಕೇಳಿದರೆ "ಪರವಾಗಿಲ್ಲ ಮೇಡಂ" ಎಂದೋ "ಚೆನ್ನಾಗಿ ಆಗಲಿಲ್ಲ" ಎಂದೋ ಉತ್ತರ ಬರುತ್ತದೆ, ಎರಡರಿಂದಲೂ ಉಪಯೋಗವಿಲ್ಲ. ಪ್ರಶ್ನೆ ಮಗುವಿನ ಬಗ್ಗೆ ಇರಬೇಕು:

"ಆ ಹುಡುಗ ಎ ವರ್ಗ ಪ್ಲಸ್ ಬಿ ವರ್ಗ ಅಂತ ಯಾಕೆ ಹೇಳಿರಬಹುದು?"

"ಸೂತ್ರ ಓದಿಕೊಂಡು ಬಂದಿಲ್ಲ ಮೇಡಂ."

"ಓದದೆ ಬಂದವನು ಏನೂ ಹೇಳದೆ ಕೂರಬಹುದಿತ್ತಲ್ಲ. ಅವನು ಒಂದು ಲೆಕ್ಕಾಚಾರ ಮಾಡಿ ಹೇಳಿದ. ಆ ಲೆಕ್ಕಾಚಾರ ಏನು?"

"...ಎರಡು ಸಂಖ್ಯೆ ಇವೆ, ಎರಡಕ್ಕೂ ಬೇರೆ ಬೇರೆಯಾಗಿ ವರ್ಗ ಹಾಕಿದ."

"ಹಾಗಾದರೆ ಎ ಬದಲು 3, ಬಿ ಬದಲು 4 ಹಾಕಿ ಅಂತ ಅವನಿಗೇ ಹೇಳಿದ್ದರೆ?"

7ರ ವರ್ಗ 49. 9 ಮತ್ತು 16 ಕೂಡಿದರೆ 25. ಉಳಿದ 24 ಎಲ್ಲಿ ಹೋಯಿತು ಎಂಬ ಪ್ರಶ್ನೆಯನ್ನು ಮೂರನೇ ಬೆಂಚಿನ ಹುಡುಗನ ಕೈಯಲ್ಲೇ ಇಟ್ಟಿದ್ದರೆ ಇಡೀ ತರಗತಿ ಅವನ ಜೊತೆ ಹುಡುಕಲು ಹೊರಡುತ್ತಿತ್ತು. ಹಲಗೆಯ ಮೇಲೆ 7 ಬಾಹುವಿನ ಚೌಕ ಬರೆದು 3 ಮತ್ತು 4 ಆಗಿ ಎರಡೂ ಕಡೆ ಗೆರೆ ಎಳೆದರೆ ಎರಡು ಚೌಕಗಳ ಜೊತೆಗೆ 12, 12ರ ಎರಡು ಆಯತಗಳು ಉಳಿಯುತ್ತವೆ. ಕಳೆದುಹೋದ 24 ಸಿಕ್ಕಿತು, ಸೂತ್ರವೂ ಸಿಕ್ಕಿತು. ಮಾರ್ಗದರ್ಶಿ ಇದನ್ನು ಭಾಷಣವಾಗಿ ಹೇಳುವ ಬದಲು ಪ್ರಶಿಕ್ಷಣಾರ್ಥಿಯ ಕೈಗೆ ಸೀಮೆಸುಣ್ಣ ಕೊಟ್ಟು ಅವರಿಂದಲೇ ಬರೆಸಬೇಕು.

ಆ ದಿನದ ಮಾತು ಅಲ್ಲಿಗೇ ನಿಲ್ಲಬೇಕು. ಹಲಗೆಯ ಬರಹ ಓರೆಯಾಗಿತ್ತು, ಕೊನೆಯಲ್ಲಿ ಮನೆಗೆಲಸ ಕೊಡಲಿಲ್ಲ ಎಂಬುದೆಲ್ಲ ನಿಜವೇ ಆಗಿದ್ದರೂ ಇಂದು ಅದನ್ನು ಹೇಳುವುದು ಬೇಡ. ಮಾತುಕತೆ ಮುಗಿಯುವ ಮೊದಲು ನಾಳೆ ಮಾಡುವ ಒಂದೇ ಬದಲಾವಣೆಯನ್ನು ಪ್ರಶಿಕ್ಷಣಾರ್ಥಿ ತಮ್ಮ ಮಾತಿನಲ್ಲಿ ಬರೆದಿಡಲಿ: "ತಪ್ಪು ಉತ್ತರ ಬಂದರೆ, ಹಾಗೆ ಹೇಗೆ ಬಂತೆಂದು ಆ ಮಗುವನ್ನೇ ಕೇಳುತ್ತೇನೆ." ಮೆಚ್ಚುಗೆಯೂ ಇಷ್ಟೇ ನಿಖರವಾಗಿರಲಿ. "ಚೆನ್ನಾಗಿತ್ತು" ಎಂಬುದನ್ನು ಕುಗ್ಗಿದವರು ನಂಬುವುದಿಲ್ಲ. "ಹೊರಗೆ ಕಬಡ್ಡಿ ಗಲಾಟೆಯಾದಾಗ ನೀವು ಮಾತು ನಿಲ್ಲಿಸಿ ಕಾದಿರಿ, ಮಕ್ಕಳು ತಾವಾಗಿಯೇ ನಿಮ್ಮ ಕಡೆ ತಿರುಗಿದರು" ಎಂದರೆ ನಂಬುತ್ತಾರೆ. "ನಮ್ಮ ಕಾಲದಲ್ಲಿ" ಎಂದು ಆರಂಭವಾಗುವ ವಾಕ್ಯಗಳನ್ನು ಇಂಟರ್ನ್‌ಶಿಪ್ ಮುಗಿಯುವವರೆಗೆ ತಡೆದುಕೊಳ್ಳುವುದು ಒಳ್ಳೆಯದು.

ಸಣ್ಣ ತುಂಡು, ಎರಡನೆಯ ಸಲ

1963ರ ಹೊತ್ತಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಸೂಕ್ಷ್ಮ ಬೋಧನೆಯ, ಅಂದರೆ ಕೆಲವೇ ಮಕ್ಕಳಿಗೆ ಕೆಲವೇ ನಿಮಿಷದ ಪಾಠ ಮಾಡಿ ಒಂದು ಕೌಶಲವನ್ನು ರೂಢಿಸಿಕೊಳ್ಳುವ ಪದ್ಧತಿಯ, ಚಕ್ರದಲ್ಲಿ ಬೋಧನೆ, ಹಿಮ್ಮಾಹಿತಿ ಮತ್ತು ಮರುಬೋಧನೆ ಇವೆ. ನಮ್ಮ ಶಾಲೆಗಳಿಗೆ ಬರುವ ಹೊತ್ತಿಗೆ ಮೂರನೆಯದು ಬಿದ್ದುಹೋಗಿರುತ್ತದೆ: ಪಾಠವಾಯಿತು, ಟೀಕೆಯಾಯಿತು, ನಾಳೆ ಬೇರೆ ಪಾಠ. ಕೆಟ್ಟ ಪಾಠವನ್ನು ಸರಿಪಡಿಸಿ ಮತ್ತೊಮ್ಮೆ ಮಾಡುವ ಅವಕಾಶವೇ ಸಿಗದಿದ್ದರೆ ಆತ್ಮವಿಶ್ವಾಸ ಎಲ್ಲಿಂದ ಬರಬೇಕು?

ಎಂಟನೆಯ ತರಗತಿಗೆ ಎ ಮತ್ತು ಬಿ ವಿಭಾಗಗಳಿರುವ ಶಾಲೆಯಲ್ಲಿ ಇದಕ್ಕೆ ದಾರಿ ಸಿದ್ಧವಾಗಿಯೇ ಇದೆ. ವೇಳಾಪಟ್ಟಿಯನ್ನು ಸ್ವಲ್ಪ ಹೊಂದಿಸಿ, ಬೆಳಗ್ಗೆ ಎ ವಿಭಾಗಕ್ಕೆ ಮಾಡಿದ ಪಾಠವನ್ನೇ ಮಧ್ಯಾಹ್ನ ಬಿ ವಿಭಾಗಕ್ಕೆ, ಒಪ್ಪಿಕೊಂಡ ಒಂದು ಬದಲಾವಣೆಯೊಂದಿಗೆ ಮಾಡಿಸಬೇಕು. ಎಡವುತ್ತಿರುವವರಿಗೆ ನಾನು ಕಂಡಂತೆ ಇದಕ್ಕಿಂತ ಫಲ ಕೊಡುವ ಉಪಾಯ ಇನ್ನೊಂದಿಲ್ಲ. ಒಂದೇ ವಿಭಾಗವಿದ್ದರೆ ಮರುದಿನದ ಮೊದಲ ಹತ್ತು ನಿಮಿಷವನ್ನು ನಿನ್ನೆ ಕೈತಪ್ಪಿದ ಜಾಗಕ್ಕೇ ಮೀಸಲಿಡಬಹುದು. ಮಕ್ಕಳಿಗೂ ಅದು ಬೇಕೇ ಆಗಿರುತ್ತದೆ.

ಪೂರ್ತಿ ಪೀರಿಯಡ್ ಹೊರಲಾರದವರಿಗೆ ಪೂರ್ತಿ ಪೀರಿಯಡ್ ಹೊರಿಸಬಾರದು. ಒಂದು ವಾರ ಆರಂಭದ ಹತ್ತು ನಿಮಿಷ ಅವರದು, ಉಳಿದದ್ದು ಮಾರ್ಗದರ್ಶಿಯದು. ಮುಂದಿನ ವಾರ ಮಕ್ಕಳು ಲೆಕ್ಕ ಮಾಡುವಾಗ ಬೆಂಚಿನಿಂದ ಬೆಂಚಿಗೆ ಹೋಗಿ ನೋಡುವ ಭಾಗವೂ ಅವರದು. ಆಮೇಲೆ ಮಧ್ಯದ ವಿವರಣೆ. ಇಬ್ಬರೂ ಸೇರಿ ಪಾಠ ಮಾಡುತ್ತಿದ್ದಾರೆಂದೇ ಮಕ್ಕಳಿಗೆ ಕಾಣುವುದರಿಂದ ಇದರಲ್ಲಿ ಅವಮಾನವಿಲ್ಲ. ಆದರೆ ಈ ಆಸರೆಯನ್ನು ಹಿಂದೆಗೆದುಕೊಳ್ಳುವ ದಿನವನ್ನೂ ಮೊದಲೇ ನಿಗದಿಪಡಿಸಬೇಕು, ಇಲ್ಲವಾದರೆ ಹದಿನಾರು ವಾರವೂ ಹತ್ತು ನಿಮಿಷದಲ್ಲೇ ಕಳೆದುಹೋಗುತ್ತದೆ.

ಪಾಠಯೋಜನೆಯ ಪುಸ್ತಕದ ಬಗ್ಗೆ

ಯೋಜನೆಯನ್ನು ಐದು ಹಂತಗಳ ಅಂಕಣಗಳಲ್ಲಿ ಬಣ್ಣದ ಪೆನ್ನಿನಿಂದ ತುಂಬಿಸಿ, ಮಧ್ಯರಾತ್ರಿಯವರೆಗೆ ಗೆರೆ ಎಳೆದು, ನಿದ್ದೆಗಣ್ಣಿನಲ್ಲಿ ತರಗತಿಗೆ ಬರುವವರನ್ನು ಎಲ್ಲರೂ ಕಂಡಿದ್ದೇವೆ. ದಾಖಲೆ ಪುಸ್ತಕಕ್ಕೆ ಅಂಕವಿರುವುದರಿಂದ ಅದನ್ನು ಬರೆಯಬೇಡಿ ಎನ್ನುವಂತಿಲ್ಲ. ಅದರ ಜೊತೆಗೆ ಅಂಗೈಯಗಲದ ಚೀಟಿಯೊಂದನ್ನು ಕೇಳಬಹುದು. ಅದರಲ್ಲಿ ಮಕ್ಕಳಿಗೆ ಕೇಳುವ ಮೂರು ಪ್ರಶ್ನೆಗಳು, ಪ್ರತಿಯೊಂದಕ್ಕೂ ಬರಬಹುದಾದ ಒಂದು ತಪ್ಪು ಉತ್ತರ, ಆ ತಪ್ಪು ಬಂದರೆ ತಾವು ಮಾಡುವುದೇನು ಎಂಬುದಿಷ್ಟೇ ಇರಲಿ. ತರಗತಿಗೆ ಕೊಂಡೊಯ್ಯುವುದು ಆ ಚೀಟಿಯನ್ನು, ಪುಸ್ತಕವನ್ನಲ್ಲ. ಬರಬಹುದಾದ ತಪ್ಪು ಯಾವುದೆಂದು ಊಹಿಸಲು ಅವರಿಗೆ ಆರಂಭದಲ್ಲಿ ಬರುವುದಿಲ್ಲ. ಈ ಒಂದು ವಿಚಾರದಲ್ಲಿ ನಮ್ಮ ವರ್ಷಗಳ ಅನುಭವ ನಿಜಕ್ಕೂ ಬೆಲೆಬಾಳುತ್ತದೆ, ಹಳೆಯ ಉತ್ತರ ಪತ್ರಿಕೆಗಳ ಕಟ್ಟನ್ನು ಅವರ ಮುಂದೆ ಬಿಚ್ಚಿ ಇಟ್ಟರಾಯಿತು.

ಗದ್ದಲ ಮತ್ತು ಬೆತ್ತ

ಗದ್ದಲಕ್ಕೆ ಹೆದರಿದವರಿಗೆ ಬೇಗನೆ ಸಿಗುವ ಸಲಹೆ ಬೆತ್ತ. ಹಿರಿಯ ಸಹೋದ್ಯೋಗಿಗಳು ತಮಾಷೆಗೆ ಹೇಳಿದರೂ ಕಂಗೆಟ್ಟವರು ಅದನ್ನು ಹಿಡಿದುಬಿಡುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ ಎಂಬುದನ್ನು ಮೊದಲ ದಿನವೇ ಸ್ಪಷ್ಟವಾಗಿ ಹೇಳಬೇಕು. ಬೆಂಚಿನ ಮೇಲೆ ನಿಲ್ಲಿಸುವುದು, ಮನೆತನ ಎತ್ತಿ ಆಡುವುದು ಕೂಡ ಸಲ್ಲದೆಂದು ಬಿಡಿಸಿ ಹೇಳಬೇಕು, ಏಕೆಂದರೆ ಹೊಡೆಯದಿದ್ದರೆ ಸಾಕೆಂದು ನಂಬಿದವರೇ ಹೆಚ್ಚು.

ಆದರೆ ಬೇಡವೆಂದಷ್ಟೇ ಹೇಳಿ ಕೈತೊಳೆದುಕೊಂಡರೆ ಆಗದು, ಬದಲಿಗೆ ಏನು ಮಾಡಬೇಕೆಂದು ತೋರಿಸಬೇಕು. ಒಳಗೆ ಬಂದ ಕೂಡಲೇ ಮಕ್ಕಳಿಗೆ ಮಾಡಲು ಒಂದು ಸಣ್ಣ ಲೆಕ್ಕ ಹಲಗೆಯ ಮೇಲಿರಲಿ, ಹಾಜರಿ ಆ ಹೊತ್ತಿನಲ್ಲಿ ಮುಗಿಯಲಿ. ಸೂಚನೆ ಕೊಡುವಾಗ ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಒಬ್ಬ ವಿದ್ಯಾರ್ಥಿಯಿಂದ ಅದನ್ನು ಪುನಃ ಹೇಳಿಸಲಿ. ಪ್ರಶ್ನೆ ಕೇಳಿದ ಮೇಲೆ ಕಾಯಲಿ. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಅದನ್ನು 3 ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿಬಿಡುತ್ತಾರೆ ಎಂದು ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತೋರಿಸಿದರು. ಗಾಬರಿಯಲ್ಲಿರುವವರಿಗೆ ಆ ಮೂರು ಸೆಕೆಂಡು ಒಂದು ಯುಗದಂತೆ ತೋರುವುದರಿಂದ, ಮನಸ್ಸಿನಲ್ಲೇ ಒಂದು, ಎರಡು, ಮೂರು ಎಂದು ಎಣಿಸುವುದನ್ನು ರೂಢಿ ಮಾಡಿಸಬೇಕು.

ಶಾಲೆಯ ಹೊರಗಿನ ಕಾರಣಗಳು

ಎರಡು ಬಸ್ಸು ಬದಲಿಸಿ ಬರುವವರು, ಹಾಲು ಕುಡಿಯುವ ಮಗುವನ್ನು ಅತ್ತೆಯ ಬಳಿ ಬಿಟ್ಟು ಬರುವವರು, ಶುಲ್ಕ ಕಟ್ಟಲು ಸಂಜೆ ಅಂಗಡಿಯಲ್ಲಿ ದುಡಿಯುವವರು, ಮನೆಯವರ ಬಲವಂತಕ್ಕೆ ಬಿ.ಇಡಿ.ಗೆ ಸೇರಿದವರು, ಎಲ್ಲರೂ ನಮ್ಮ ಬಳಿಗೆ ಬರುತ್ತಾರೆ. ಇವರ ಕಷ್ಟಗಳನ್ನು ಪರಿಹರಿಸುವುದು ನಮ್ಮ ಕೈಯಲ್ಲಿಲ್ಲ. ಪಾಠವನ್ನು ಮೊದಲ ಪೀರಿಯಡ್‌ನಿಂದ ಮೂರನೆಯದಕ್ಕೆ ಬದಲಿಸುವುದು ಕೈಯಲ್ಲಿದೆ. ನಂಬಿ ಹೇಳಿಕೊಂಡದ್ದು ಸಿಬ್ಬಂದಿ ಕೊಠಡಿಯ ಮಾತಾಗಬಾರದು. ಅಳು, ನಿದ್ರಾಹೀನತೆ, ಬದುಕಿನ ಬಗ್ಗೆ ಹತಾಶೆಯ ಮಾತು ಕಂಡುಬಂದರೆ ಅದು ಮಾರ್ಗದರ್ಶಿ ಶಿಕ್ಷಕರ ಅಳವಿಗೆ ಮೀರಿದ್ದು. ಕಾಲೇಜಿಗೆ ತಿಳಿಸುವುದರ ಜೊತೆಗೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಕೊಡಬೇಕು. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಕಾಲೇಜಿಗೆ ತಿಳಿಸುವುದು, ಅಂಕ ಕೊಡುವುದು

ಇಷ್ಟೆಲ್ಲ ಮಾಡಿದರೂ ಐದಾರು ವಾರಗಳಲ್ಲಿ ಬದಲಾವಣೆ ಕಾಣದಿದ್ದರೆ ಕಾಲೇಜಿನ ಮೇಲ್ವಿಚಾರಕರಿಗೆ ಬರವಣಿಗೆಯಲ್ಲಿ ತಿಳಿಸಬೇಕು, ಬರೆಯುವ ಮುನ್ನ ಪ್ರಶಿಕ್ಷಣಾರ್ಥಿಗೇ ಹೇಳಿರಬೇಕು. ಬೆನ್ನ ಹಿಂದೆ ಹೋದ ದೂರು ಅಲ್ಲಿಯವರೆಗೆ ಬೆಳೆಸಿದ ವಿಶ್ವಾಸವನ್ನೆಲ್ಲ ಮುರಿಯುತ್ತದೆ. ಪತ್ರದಲ್ಲಿ ವಿಶೇಷಣಗಳ ಬದಲು ದಿನಾಂಕವಿರುವ ಟಿಪ್ಪಣಿಗಳ ಪ್ರತಿಗಳಿರಲಿ. ಮೂವರೂ ಕುಳಿತು ಮುಂದಿನ ಮೂರು ವಾರಗಳಲ್ಲಿ ಸಾಧಿಸಬೇಕಾದ ಒಂದೆರಡು ಸಂಗತಿಗಳನ್ನು ಬರೆದು ಸಹಿ ಹಾಕಬೇಕು: ಉದಾಹರಣೆಗೆ, ಪ್ರತಿ ಪಾಠದಲ್ಲಿ ಕನಿಷ್ಠ ಹತ್ತು ಬೇರೆ ಬೇರೆ ಮಕ್ಕಳಿಂದ ಉತ್ತರ ಪಡೆಯುವುದು, ಪೂರ್ತಿ ಪೀರಿಯಡ್ ಅನ್ನು ಒಬ್ಬರೇ ನಡೆಸುವುದು. "ಬೋಧನೆ ಸುಧಾರಿಸುವುದು" ಎಂದು ಬರೆದರೆ ಅದು ಈಡೇರಿತೋ ಇಲ್ಲವೋ ಎಂದು ಯಾರೂ ಹೇಳಲಾರರು.

ಮಕ್ಕಳ ಪಾಲಿನ ಪಾಠ ನಷ್ಟವಾಗದಂತೆ ನೋಡಿಕೊಳ್ಳುವುದೂ ಈ ಅವಧಿಯಲ್ಲಿ ನಮ್ಮ ಹೊಣೆ. ಎಡವುತ್ತಿರುವವರಿಗೆ ಹತ್ತನೆಯ ತರಗತಿ ಕೊಡಬಾರದು. ಎಂಟು, ಒಂಬತ್ತರಲ್ಲಿ ಅವರು ಮಾಡಿದ ಘಟಕದ ಮೇಲೆ ಕಿರುಪರೀಕ್ಷೆ ನಡೆಸಿ, ತಿಳಿಯದೆ ಉಳಿದ ಭಾಗವನ್ನು ನಾವೇ ಮತ್ತೆ ಹೇಳಿಕೊಡಬೇಕು, ಅದೂ "ಅವರು ಸರಿಯಾಗಿ ಹೇಳಿಲ್ಲ" ಎಂದು ಮಕ್ಕಳ ಮುಂದೆ ಆಡದೆ.

ಕೊನೆಗೆ ಅಂಕ. "ಪಾಪ, ಬಡ ಹುಡುಗಿ, ಬರೆದುಬಿಡಿ" ಎಂಬ ಒತ್ತಾಯ ಎಲ್ಲ ಕಡೆಯಿಂದಲೂ ಬರುತ್ತದೆ. ನೋಡದ ಪಾಠಕ್ಕೆ ಸಹಿ ಹಾಕುವುದು, ಬಾರದ ಕೌಶಲಕ್ಕೆ ಅಂಕ ಕೊಡುವುದು ದಯೆಯಾಗುವುದಿಲ್ಲ. ಆ ಅಂಕ ಹಿಡಿದು ಅವರು ನಾಳೆ ಒಂಟಿಯಾಗಿ ನಿಲ್ಲುವುದು ಬೇರೊಂದು ಊರಿನ ಮಕ್ಕಳ ಮುಂದೆ. ವರದಿಯಲ್ಲಿ ಅವರಿಗೆ ಯಾವುದು ಬರುತ್ತದೆ, ಯಾವುದು ನೆರವಿನೊಂದಿಗೆ ಬರುತ್ತದೆ, ಯಾವುದು ಇನ್ನೂ ಬಂದಿಲ್ಲ ಎಂದು ಮೂರು ಭಾಗವಾಗಿ ಬರೆದು, ಕಾಲೇಜಿಗೆ ಕಳುಹಿಸುವ ಮೊದಲು ಅವರಿಗೆ ಓದಿ ತೋರಿಸಬೇಕು. ಇಂಟರ್ನ್‌ಶಿಪ್ ಅವಧಿಯನ್ನು ಮುಂದುವರಿಸಬೇಕು ಎನಿಸಿದರೆ ಆ ಶಿಫಾರಸನ್ನು ಅದೇ ವರದಿಯಲ್ಲಿ ಕಾರಣಸಹಿತ ಬರೆಯಬೇಕು. ಇನ್ನೆರಡು ವಾರ ನಮ್ಮ ಶಾಲೆಯಲ್ಲೇ ಇರಲು ಅವರು ಒಪ್ಪುವುದಾದರೆ, ಯಾವ ತರಗತಿ, ಯಾವ ಘಟಕ ಎಂಬುದನ್ನೂ ಅಲ್ಲೇ ನಮೂದಿಸಿ ಮುಖ್ಯ ಶಿಕ್ಷಕರ ಸಹಿ ಪಡೆದಿಟ್ಟುಕೊಳ್ಳಬೇಕು.